ವಿಲ್ಲಪ್ಪನವರು ಗೋಲಿ ಆಡಿದ ಕಾಲ

ಹಿತ್ತಲಿನ ಬೇಲಿಯ ಈಚೆ ಬದಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಮ್ಮಮ್ಮ, ಸ್ವೆಟರಿನ ಮೇಲೊಂದು ಶಾಲು ಹೊದ್ದು, ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ಆಚೆ ಬದಿ, ನಿಂಬೆ ಗಿಡದ ಪಕ್ಕದ ಬೆಂಚಿನ ಮೇಲೆ, ನೆರೆಮನೆಯ ವಿಲ್ಫ್. ತೊಂಬತ್ತೈದು ದಾಟಿದ ಇಂಗ್ಲಿಷ್ ಮುದುಕರು. ಒಳಗೆ ಊಟದ ಮೇಜಿನ ಮುಂದೆ ನಾನು, ಲ್ಯಾಪ್‌ಟಾಪ್ ತೆರೆದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ನನ್ನ ಹೆಂಡತಿ ಸುಮಾ ಆಸ್ಪತ್ರೆಯ ಔಷಧಿ ವಿಭಾಗದ ಕೆಲಸಕ್ಕೆ ಹೋಗಿಯಾಗಿತ್ತು. ಹದಿನಾರು ವರ್ಷದ ಮಗಳು ಮೇಘನಾ ಶನಿವಾರವೆಂದು ಇನ್ನೂ ಮುಸುಕೆಳೆದು ಮಲಗಿದ್ದಳು. ನನಗೆ ಮಾತ್ರ ಶನಿವಾರವೂ ಮೀಟಿಂಗು. 2022ರ ಮೇ ತಿಂಗಳು, ಸ್ಯಾನ್ ಡಿಯೇಗೋದ ಮೀರಾ ಮೆಸಾ ಬಡಾವಣೆ. ಆ ಬೆಳಿಗ್ಗೆ ಬೇಲಿಯ ಮೇಲಿಂದ ದಾಟಿ ಬಂದ ಒಂದೇ ಒಂದು ಶಬ್ದ ಆಮೇಲೆ ಎರಡು ಮನೆಗಳನ್ನೂ ಅಲ್ಲಾಡಿಸಿಬಿಟ್ಟಿತು.

ಇದೆಲ್ಲ ಮತ್ತೆ ಕಣ್ಣಿಗೆ ಕಟ್ಟಿದ್ದು ಹೋದ ತಿಂಗಳು. ನಾವೀಗ ಲಾಸ್ ಏಂಜಲೀಸಿನ ಹತ್ತಿರ ಡೈಮಂಡ್ ಬಾರ್ ಎಂಬ ಊರಿನಲ್ಲಿದ್ದೇವೆ. ಕೆಲಸದ ಮೇಲೆ ಸ್ಯಾನ್ ಡಿಯೇಗೋಗೆ ಹೋದವನು, ಹಳೆಯ ಬೀದಿ ನೋಡಿಕೊಂಡೇ ಹೋಗೋಣ ಎಂದು ಕಾರು ತಿರುಗಿಸಿದೆ. ಕಿಟಕಿ ಇಳಿಸಿದ್ದೇ ತಡ, ಬೀದಿಯ ಕೊನೆಯ ನೀಲಗಿರಿ ಮರಗಳ ಒದ್ದೆ ವಾಸನೆ ಮುಖಕ್ಕೆ ಬಡಿಯಿತು. ನೆಗಡಿಯಾದಾಗ ಎದೆಗೆ ತಿಕ್ಕುವ ಎಣ್ಣೆಯದೇ ವಾಸನೆ. ಸಮುದ್ರದ ಕಡೆಯಿಂದ ಮೋಡ ಬಂದು ಕೂತ ಬೆಳಿಗ್ಗೆ ಮಾತ್ರ ಅದು ಅಷ್ಟು ಗಾಢವಾಗಿ ಬರುತ್ತದೆ.

ಆ ಮೋಡದ ವಿಷಯ ಹೇಳಲೇಬೇಕು. ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಅಂತ ಎಲ್ಲರೂ ತಿಳಿದಿರುತ್ತಾರೆ. ಮೇ ಬಂತೆಂದರೆ ಸ್ಯಾನ್ ಡಿಯೇಗೋದಲ್ಲಿ ಸಮುದ್ರದಿಂದ ಮೋಡ ಎದ್ದು ಬಂದು ಊರಿಗೆ ಮುಚ್ಚಳ ಹಾಕುತ್ತದೆ. ಮಳೆಯಿಲ್ಲ, ಬಿಸಿಲಿಲ್ಲ, ಮಧ್ಯಾಹ್ನದವರೆಗೂ ಬರೀ ಬೂದಿ ಬಣ್ಣ. ಮೇನಲ್ಲೇ ಶುರುವಾದರೂ ಇಲ್ಲಿನವರು ಇದನ್ನು ಜೂನ್ ಗ್ಲೂಮ್, ಜೂನಿನ ಮಂಕು, ಅನ್ನುತ್ತಾರೆ. ಕೊರೋನಾ ಮುಗಿದು ವಿಮಾನ ಶುರುವಾದ ಮೇಲೆ ಮಾರ್ಚಿನಲ್ಲಿ ಬಂದಿದ್ದ ಅಮ್ಮ, "ಇದೇನೋ, ಆಕಾಶ ಹಾಲಿನ ಕೆನೆ ಕಟ್ಟಿದ ಹಾಗಿದೆ, ಚಮಚದಲ್ಲಿ ಪಕ್ಕಕ್ಕೆ ಸರಿಸೋಣ ಅನ್ಸುತ್ತೆ" ಎಂದು ದಿನಾ ಗೊಣಗುತ್ತಿದ್ದರು. ವಿಲ್ಫ್‌ಗೆ ಮಾತ್ರ ಆ ಹವೆ ಪ್ರಾಣ. ಅವರದು ಇಂಗ್ಲೆಂಡಿನ ಉತ್ತರದ ಯಾವುದೋ ಬಟ್ಟೆ ಗಿರಣಿಯ ಊರು. ಹೊಗೆ, ಮಂಜು, ಒದ್ದೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಅಮೆರಿಕಕ್ಕೆ ಬಂದು, ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು, ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ಅದೇ ಮನೆಯಲ್ಲಿ ಒಬ್ಬರೇ ಇದ್ದರು. ಮೋಡ ಕವಿದ ದಿನ ಬೆಂಚಿಗೆ ಬಂದು ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ.

ಅಮ್ಮನೂ ಗಿರಣಿಯವರ ಮಗಳೇ. ನಮ್ಮ ತಾತ ಬೆಂಗಳೂರಿನ ಬಟ್ಟೆ ಗಿರಣಿಯೊಂದರಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದರು. ಹಾಗಾಗಿ ಬೇಲಿಯ ಮೇಲೆ ಮೊದಲು ದಾಟಿದ ಮಾತು 'ಮಿಲ್ಲು'. ಆಚೆಯಿಂದ ಮಿಲ್, ಈಚೆಯಿಂದ ಮಿಲ್ಲು. ಅವರು ಬಾಯಿಂದ ಸೈರನ್ ಕೂಗಿ ತೋರಿಸಿದರು. ಅಮ್ಮನೂ ಕೂಗಿ ತೋರಿಸಿದರು. ನಾಯಿಗಳು ಬೊಗಳಿದವು. ಅಲ್ಲಿಗೆ ಸ್ನೇಹವಾಯಿತು. ಅವರ ಹೆಸರು ಅಮ್ಮನ ನಾಲಿಗೆಗೆ ದಕ್ಕದೆ ಮೊದಲ ವಾರದಲ್ಲೇ ವಿಲ್ಲಪ್ಪನೋರು ಆಗಿಬಿಟ್ಟರು. ಅವರು ಅಮ್ಮನನ್ನು ಮಿಸೆಸ್ ಅಮ್ಮ ಅನ್ನುತ್ತಿದ್ದರು. ನಾನು ಕರೆಯುವುದನ್ನು ಕೇಳಿ ಅದೇ ಹೆಸರಿರಬೇಕು ಅಂದುಕೊಂಡಿದ್ದರು, ಪಾಪ. ಅಮ್ಮನ ಇಂಗ್ಲಿಷು ಅಂಗಡಿಯ ಬೋರ್ಡು ಓದುವಷ್ಟು, ಅವರ ಕನ್ನಡ ಸೊನ್ನೆ. ಆದರೂ ಕೈಸನ್ನೆ, ಬಿಡಿ ಶಬ್ದಗಳಲ್ಲಿ ಮಾತಿಗೆ ಬರವಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತೆಗೆದರು: "ಗೊತ್ತೇನೋ, ವಿಲ್ಲಪ್ಪನೋರು ಹುಡುಗರಾಗಿದ್ದಾಗ ಗೋಲಿ ಆಡ್ತಿದ್ರಂತೆ."

"ಯಾರು ಆಡಿಲ್ಲಮ್ಮ? ನಾನೂ ಆಡ್ತಿದ್ದೆ."

"ನಿಂದು ಮೋರಿ ಪಕ್ಕದ ಆಟ. ಅವ್ರದ್ದು ದೊಡ್ಡ ಆಟ ಕಣೋ! ಯುದ್ಧದ ಕಾಲ. ದೊಡ್ಡೋರೆಲ್ಲ ಮಿಲಿಟ್ರಿಗೆ ಹೋಗ್ಬಿಟ್ಟಿದ್ರಲ್ಲ, ಅದಕ್ಕೆ ಈ ಹುಡುಗನ್ನ ಕರ್ಕೊಂಡು ಹೋಗಿ ಆಡಿಸಿದ್ರಂತೆ. ಸಾವಿರಾರು ಜನ ಬರ್ತಿದ್ರಂತೆ ನೋಡೋಕೆ. ಕೈಗೆ ದುಡ್ಡು ಬೇರೆ."

"ಗೋಲಿ ನೋಡೋಕೆ ಸಾವಿರಾರು ಜನಾನಾ?"

"ಯಾಕೆ, ಬಾಂಬು ಬೀಳೋ ಊರಲ್ಲಿ ಜನ ಇನ್ನೇನು ನೋಡ್ಬೇಕಿತ್ತು? ನಿನ್ ಫೋನಾ?"

ಮೇಘನಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ದಟ್ಸ್ ಸೋ ಕ್ಯೂಟ್, ಅಜ್ಜಿ! ಲೈಕ್, ಪ್ರೊಫೆಷನಲ್ ಮಾರ್ಬಲ್ಸ್?" ಅಂದಳು.

"ಹೂಂ ಕಣೇ, ಪೊಪೇಸನಲ್ಲು."

ವಯಸ್ಸಾದವರು, ಏನೋ ಕಥೆ ಕಟ್ಟಿರಬೇಕು ಅಂದುಕೊಂಡು ನಾನು ಸಾರು ಬಡಿಸಿಕೊಂಡೆ. ಅಮ್ಮ ಅಲ್ಲಿಗೆ ಬಿಡಲಿಲ್ಲ. ಮೊಮ್ಮಗಳ ಕೈಯಲ್ಲಿ ಆನ್‌ಲೈನ್ ಆರ್ಡರ್ ಮಾಡಿಸಿ, ಒಂದು ಚೀಲ ಗಾಜಿನ ಗೋಲಿ ತರಿಸಿ, ಬೇಲಿಯ ಮೇಲಿಂದ ಎರಡೂ ಕೈಯಲ್ಲಿ ಅವರಿಗೆ ಕೊಟ್ಟರು. ವಿಲ್ಫ್ ಚೀಲ ಬಿಚ್ಚಿ ನೋಡಿದರು, ಅಮ್ಮನ ಮುಖ ನೋಡಿದರು, ಮತ್ತೆ ಗೋಲಿ ನೋಡಿದರು. "ಲವ್ಲಿ" ಅಂದರು. ಮರ್ಯಾದಸ್ಥ ಮನುಷ್ಯ. ಒಳಗೆ ಒಯ್ದು ಗಾಜಿನ ಬಟ್ಟಲಲ್ಲಿ ಹಾಕಿ ಕಿಟಕಿಯ ಪಟ್ಟಿಯ ಮೇಲೆ ಇಟ್ಟರು.

ಅಷ್ಟೇ ಆಗಿದ್ದರೆ ಇದು ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಇನ್ನೊಂದು ನಡೆದಿತ್ತು. ವಾಕಿಂಗ್ ಹೋದ ವಿಲ್ಫ್ ಮಂಜಿನಲ್ಲಿ ದಾರಿ ತಪ್ಪಿ, ನಾವು ಬೇಳೆ ಅಕ್ಕಿ ತರುವ ಇಂಡಿಯನ್ ಅಂಗಡಿಯ ಮುಂದೆ ನಡುಗುತ್ತಾ ನಿಂತಿದ್ದರು. ಅಂಗಡಿಯವರು ಗುರುತು ಹಿಡಿದು ನನಗೆ ಫೋನ್ ಮಾಡಿದ್ದರು. ಅವತ್ತಿನಿಂದ ಅವರ ಒಬ್ಬಳೇ ಮಗಳು ಜೀನ್‌ಗೆ ನಿದ್ದೆಯಿಲ್ಲ. ಜೀನ್ ಅರವತ್ತರ ಆಸುಪಾಸಿನವರು, ಗಂಡನಿಂದ ಬೇರೆಯಾದವರು, ಲಾಸ್ ಏಂಜಲೀಸಿನ ಆಚೆ ತುದಿಯ ಪೋರ್ಟರ್ ರ್ಯಾಂಚಿನಲ್ಲಿ ಒಬ್ಬರೇ ಇದ್ದವರು. ಭಾನುವಾರ ಭಾನುವಾರ ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದು, ಅಪ್ಪನ ಫ್ರಿಜ್ ತುಂಬಿಸಿ ಹೋಗುತ್ತಿದ್ದರು. ತಮ್ಮ ಮನೆಯ ಹತ್ತಿರದ ವೃದ್ಧರ ವಸತಿಯೊಂದಕ್ಕೆ ಅಪ್ಪನನ್ನು ಸೇರಿಸುವ ಯೋಚನೆ ಅವರಿಗೆ ಬಂದಿದ್ದು ಆಗಲೇ. ವಿಲ್ಫ್ ಒಪ್ಪಲಿಲ್ಲ. "ನನ್ನ ತಲೆ ನೆಟ್ಟಗಿದೆ. ಈ ಮನೆಯಿಂದ ನಾನು ಹೋಗೋದು ಒಂದೇ ಸಲ, ಆಗ ನಾನು ಏನೂ ಹೇಳೋ ಸ್ಥಿತೀಲಿ ಇರಲ್ಲ" ಅಂದಿದ್ದರಂತೆ.

ಜೂನ್ ಮೊದಲಿಗೆ ಬಂದ ಜೀನ್ ಕಣ್ಣಿಗೆ ಕಿಟಕಿಯ ಮೇಲಿನ ಬಟ್ಟಲು ಬಿತ್ತು.

"ಅಪ್ಪಾ, ಇದೇನು ಗೋಲಿಗಳು?"

"ಪಕ್ಕದ ಮನೆಯ ಮಿಸೆಸ್ ಅಮ್ಮ ಕೊಟ್ಟರು."

"ಯಾಕೆ?"

"ನನಗೇನು ಗೊತ್ತು?"

ಜೀನ್ ಹೊರಗೆ ಬಂದು ನೋಡಿದರೆ ನಮ್ಮ ಮೇಘನಾ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದಳು. ಕೇಳಿದರು. ನಮ್ಮ ಮಗಳು ಬಾಯ್ತುಂಬ ಹೇಳಿದಳು: ಯುದ್ಧದ ಕಾಲದಲ್ಲಿ ನಿಮ್ಮಪ್ಪ ದುಡ್ಡಿಗೆ ಗೋಲಿ ಆಡ್ತಿದ್ರಂತಲ್ಲ, ಸಾವಿರಾರು ಜನರ ಮುಂದೆ, ಅವರೇ ನಮ್ಮ ಅಜ್ಜಿಗೆ ಹೇಳಿದ್ದು, ಎಂಥ ಸ್ವಾರಸ್ಯ!

ಜೀನ್ ನಮ್ಮ ಮನೆಯ ಬಾಗಿಲು ತಟ್ಟಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ. ಇಂಗ್ಲಿಷಿನಲ್ಲಿ ಬುದ್ಧಿ ಕೆಟ್ಟವರನ್ನು 'ಗೋಲಿ ಕಳೆದುಕೊಂಡವರು' ಎನ್ನುವ ಒಂದು ಮಾತಿದೆ. ಆ ಮಾತನ್ನೇ ಆಡಿ, ನಗಲು ಹೋಗಿ, ಅತ್ತುಬಿಟ್ಟರು.

"ಅಪ್ಪ ನನಗೆ ಯಾವತ್ತೂ ಇಂಥದ್ದು ಹೇಳಿಲ್ಲ. ಆಗದೇ ಇದ್ದದ್ದನ್ನು ಆಯಿತು ಅಂತ ನಂಬೋಕೆ ಶುರು ಮಾಡಿದ್ದಾರೆ. ಬರುವ ವಾರ ಲಾಸ್ ಏಂಜಲೀಸಿನಲ್ಲಿ ನೆನಪಿನ ಡಾಕ್ಟರ ಹತ್ತಿರ ಹೋಗ್ತಿದ್ದೇವೆ. ಅಪ್ಪ ಆಡಿದ ಅಸಂಬದ್ಧ ಮಾತು ಇದ್ದರೆ ತಿಳಿಸಿ ಅಂದಿದ್ದಾರೆ. ಆ ವಸತಿಯಲ್ಲಿ ಒಂದು ಕೋಣೆ ಖಾಲಿಯಾಗಿದೆ. ಡಾಕ್ಟರು ಹೂಂ ಅಂದರೆ ಅವತ್ತೇ ಸೇರಿಸಿಬಿಡ್ತೀನಿ. ಅವರು ಬೇಕಾದರೆ ನಿಮಗೆ ಫೋನ್ ಮಾಡಬಹುದಾ?"

ಮಾಡಲಿ ಅಂದೆ. ಕ್ಲಿನಿಕ್ಕಿನ ವಿಳಾಸ ನನ್ನ ಫೋನಿಗೆ ಕಳಿಸಿ ಹೋದರು. ಮಗಳ ಸಂಕಟ ನೋಡಿದ ಮೇಲೆ ನನಗೂ ಅದೇ ಸರಿ ಅನ್ನಿಸಿತು. ದಾರಿ ತಪ್ಪಿದ್ದಂತೂ ನಿಜವಲ್ಲವೇ?

ಆ ವಾರವಿಡೀ ಮೋಡ ಸರಿಯಲಿಲ್ಲ. ವಿಲ್ಫ್ ಬೆಂಚಿಗೆ ಬಂದು ಮಂಕಾಗಿ ಕೂರುತ್ತಿದ್ದರು. ಅಮ್ಮನಿಗೆ 'ಹೋಮ್' ಎಂಬ ಶಬ್ದ, ದೂರದ ಕಡೆ ತೋರಿಸಿದ ಕೈ, ಅವರನ್ನು ವೃದ್ಧರ ವಸತಿಗೆ ಒಯ್ಯುತ್ತಾರೆಂದು ತಿಳಿಯಲು ಅಷ್ಟು ಸಾಕಾಯಿತು. ಹೋಗುವ ಮುಂಚಿನ ದಿನ ಮಧ್ಯಾಹ್ನ ಜೀನ್ ಬಂದು ಅವರನ್ನು ಕರೆದುಕೊಂಡು ಹೊರಟಾಗ, ವಿಲ್ಫ್ ಬೇಲಿಯ ಹತ್ತಿರ ಬಂದು ಒಂದು ನಿಂಬೆಹಣ್ಣು ಅಮ್ಮನ ಕೈಗಿಟ್ಟು ಕಾರು ಹತ್ತಿದರು. ಕೈಯಲ್ಲಿ ಸಣ್ಣ ಸೂಟ್‌ಕೇಸ್ ಇತ್ತು.

ಸಂಜೆ ಸುಮಾ ಕೆಲಸದಿಂದ ಬಂದು ಚಪಾತಿ ಲಟ್ಟಿಸುತ್ತಿದ್ದಳು. ಸುಮಾ ಧಾರವಾಡದವಳು. ಈ ಗೋಲಿ ಪುರಾಣ ಅವಳಿಗೆ ತಲುಪಿದ್ದು ಮಗಳ ಬಾಯಿಂದ, ಇಂಗ್ಲಿಷಿನಲ್ಲಿ, ಮಾರ್ಬಲ್ಸ್ ಆಗಿ. ಅಮ್ಮ ಅಡುಗೆಮನೆಯಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಂಥಾ ಮನುಷ್ಯ ಕಣೇ. ಆ ಕೈ ನೋಡಿದ್ದೀಯಾ? ಎರಡು ಬೆರಳು ಸೊಟ್ಟಕ್ಕೆ ನಿಂತಿವೆ. ಗೋಲಿ ಆಡುವಾಗ ಹಾರಿ ಬಿದ್ದು ಮುರ್ಕೊಂಡಿದ್ದಂತೆ. ಮಾಡಿ ತೋರಿಸಿದ್ರು, ಹಿಂಗೆ…" ಎಂದು ಕೂತಲ್ಲೇ ಪಕ್ಕಕ್ಕೆ ಎರಡೂ ಕೈ ಚಾಚಿದರು.

ಸುಮಾಳ ಲಟ್ಟಣಿಗೆ ನಿಂತಿತು. "ಅಲ್ರೀ ಅತ್ತೀ, ಗುಂಡಾ ಆಡಾಕ ಯಾರರ ಜಿಗೀತಾರೇನ್ರೀ?"

"ಗುಂಡ ಅಲ್ವೇ, ಗೋಲಿ."

"ಅದ ರೀ. ನಮ್ಮ ಕಡೆ ಗುಂಡಾ ಅಂತೇವಿ. ಕೂತು ಆಡೂ ಆಟ ಅದು. ಅಜ್ಜಾರು ಏನಂದ್ರು? ಅವರ ಬಾಯಾಗ ಏನ್ ಬಂತು, ಅಷ್ಟ ಹೇಳ್ರಿ."

"ಅದೇ ಕಣೇ. ಐ ವಾಸ್ ಗೋಲಿ ಅಂದ್ರು. ಅರೆ, ಇಂಗ್ಲಿಷಲ್ಲೂ ಗೋಲಿಗೆ ಗೋಲೀನೇ ಅಂತಾರಲ್ಲಾ ಅಂತ ನನಗೂ ಆಶ್ಚರ್ಯ ಆಯ್ತು."

ಮೇಜಿನ ಹತ್ತಿರ ಕೂತಿದ್ದ ಮೇಘನಾ ಕುರ್ಚಿ ಬೀಳಿಸಿಕೊಂಡು ಎದ್ದಳು. "ಓ ಮೈ ಗಾಡ್. ಗೋಲಿ! ಅಪ್ಪಾ, ಸಾಕರ್ ಗೋಲಿ!"

ಫುಟ್‌ಬಾಲಿನಲ್ಲಿ ಗೋಲು ಕಾಯುವವನನ್ನು ಸಲಿಗೆಯಿಂದ ಗೋಲಿ ಅನ್ನುತ್ತಾರೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅಮ್ಮನ ಬಾಯಲ್ಲಿ ಆ ಶಬ್ದ ಕೇಳಿದರೆ ನನ್ನ ಕಣ್ಣಿಗೆ ಬರುವುದು ಶ್ರೀರಾಮಪುರದ ಗಲ್ಲಿಯ ಕುಳಿ, ಹೆಬ್ಬೆರಳು, ಗಾಜಿನ ಗುಂಡು. ಇನ್ನೇನು ಬರಬೇಕು ಹೇಳಿ? ಸುಮಾಳ ಊರಲ್ಲಿ ಅದಕ್ಕೆ ಬೇರೆ ಹೆಸರಿದ್ದುದರಿಂದ ಅವಳೊಬ್ಬಳ ಕಿವಿ ಖಾಲಿಯಿತ್ತು.

ಮೊದಲು ಎಲ್ಲರೂ ನಕ್ಕೆವು. ಸುಮಾ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಅಮ್ಮ ಒಂದೇ ಮಾತು ಕೇಳಿದರು: "ಹಂಗಾದ್ರೆ ಅವ್ರನ್ನ ಹುಚ್ಚರು ಅಂದಿದ್ದು ನನ್ನ ಮಾತಿನಿಂದಾನಾ?" ನಗು ನಿಂತಿತು.

ಜೀನ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸಂದೇಶ ಬಿಟ್ಟೆ, ಗಾಬರಿಯಲ್ಲಿ ಅದೂ ಎಂಥ ಸಂದೇಶ, ನನಗೇ ಅರ್ಥವಾಗುವಂತಿರಲಿಲ್ಲ. ಮೇಘನಾ ಮೆಸೇಜ್ ಟೈಪ್ ಮಾಡಿದಳು. ಉತ್ತರ ಬರಲಿಲ್ಲ.

"ನಡಿ, ನಾವೇ ಹೋಗೋಣ. ಹೇಳಿದೋಳು ನಾನು. ನಾನೇ ಹೇಳ್ಬೇಕು" ಅಂದರು ಅಮ್ಮ.

"ಅಮ್ಮಾ, ಲಾಸ್ ಏಂಜಲೀಸ್ ಏನು ಮಲ್ಲೇಶ್ವರಾನಾ? ಬೆಳಿಗ್ಗೆ ಟ್ರಾಫಿಕ್ಕು ಎಷ್ಟಿರುತ್ತೆ ಗೊತ್ತಾ?"

"ನಿಂಗೆ ಕಾರು ಓಡಿಸೋಕೆ ಬೇಜಾರಾದ್ರೆ ಹೇಳು. ನನ್ ಮೊಮ್ಮಗಳ ಕೈಯಲ್ಲಿ ಪರ್ಮಿಟ್ ಇದೆ."

ಬೆಳಿಗ್ಗೆ ನಾನು, ಅಮ್ಮ, ಮೇಘನಾ ಹೊರಟೆವು. ಶಾಲೆಗೆ ರಜೆ ಬಂದಿತ್ತು, ಆಫೀಸಿಗೆ ನಾನು ರಜೆ ಹಾಕಿದೆ. ಏನೇ ಆದರೂ ಬರಿಗೈಯಲ್ಲಿ ಹೋಗಬಾರದೆಂದು ಅಮ್ಮ ಅದೇ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿದ್ದರು. ಫ್ರೀವೇಯ ಎಡಗಡೆ ಸಮುದ್ರ ಇರಬೇಕಾದ ಜಾಗದಲ್ಲಿ ಬರೀ ಮೋಡ. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಮೇಘನಾ ಹಿಂದಿನ ಸೀಟಿನಿಂದ ಜೀನ್ ನಂಬರಿಗೆ ಮಾಡುತ್ತಲೇ ಇದ್ದಳು. ಅಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಾ, ಇಂಗ್ಲಿಷಿನಲ್ಲಿ ಏನೋ ಬಾಯಿಪಾಠ ಮಾಡುತ್ತಿದ್ದರು. ಕಿವಿಗೊಟ್ಟೆ. "ವಿಲ್ಲಪ್ಪ ಗುಡ್. ಮೈ ಇಯರ್ ಬ್ಯಾಡ್. ವಿಲ್ಲಪ್ಪ ಗುಡ್. ಮೈ ಇಯರ್ ಬ್ಯಾಡ್."

ಲಾಸ್ ಏಂಜಲೀಸ್ ಒಳಗೆ ಹೊಕ್ಕು ಟ್ರಾಫಿಕ್ಕಿನಲ್ಲಿ ಆಮೆಯ ಹಾಗೆ ತೆವಳಿ, ಗುಡ್ಡ ದಾಟಿ ಆಚೆಯ ಕಣಿವೆಗೆ ಇಳಿದ ಕೂಡಲೇ ಬಿಸಿಲು ಫಳ್ಳೆಂದಿತು. ಕ್ಲಿನಿಕ್ಕಿನ ಪಾರ್ಕಿಂಗ್ ಜಾಗಕ್ಕೆ ಕಾರು ತಿರುಗಿಸುವಾಗಲೇ ಮೇಘನಾ ಕೂಗಿದಳು. ಅಲ್ಲಿ, ಬಾಗಿಲಿನ ಕಡೆಗೆ, ಜೀನ್ ಅಪ್ಪನ ಮೊಣಕೈ ಹಿಡಿದುಕೊಂಡು ನಡೆಸುತ್ತಿದ್ದರು. ವಿಲ್ಫ್ ಟೈ ಕಟ್ಟಿಕೊಂಡಿದ್ದರು. ಪರೀಕ್ಷೆಗೆ ಹೊರಟ ಹುಡುಗನಂತೆ ತಲೆ ಒದ್ದೆ ಮಾಡಿ ಬಾಚಿದ್ದರು.

ನಾನು ಕಾರು ನಿಲ್ಲಿಸುವ ಮೊದಲೇ ಅಮ್ಮ ಇಳಿದಾಗಿತ್ತು. ಸೀರೆಯ ಮೇಲೆ ಸ್ವೆಟರು, ಕೆಳಗೆ ಸ್ನೀಕರ್ಸು, ಕೈಯಲ್ಲಿ ಡಬ್ಬಿ. ಅಂಥ ವೇಗ ನಾನು ಅವರಲ್ಲಿ ಕಂಡಿರಲಿಲ್ಲ. ಬಾಯಿಪಾಠ ಮಾಡಿದ್ದು ಪೂರಾ ಮರೆತು, ಜೀನ್ ಎದುರು ನಿಂತು ಅಚ್ಚ ಕನ್ನಡದಲ್ಲಿ ಶುರು ಮಾಡಿದರು: "ನೋಡಮ್ಮಾ ತಾಯಿ, ನಿಮ್ಮಪ್ಪ ಸರಿಯಾಗೇ ಹೇಳಿದ್ರು. ತಪ್ಪಾಗಿ ಕೇಳಿಸ್ಕೊಂಡಿದ್ದು ಈ ಮುದುಕಿ!"

ಮೇಘನಾ ಹಿಂದೆಯೇ ಓಡಿ ಹೋಗಿ ಒಂದೇ ಉಸಿರಿಗೆ ಎಲ್ಲ ವಿವರಿಸಿದಳು. ನಮ್ಮ ಭಾಷೆಯಲ್ಲಿ ಗೋಲಿ ಅಂದರೆ ಮಾರ್ಬಲ್, ಅಜ್ಜಿಗೆ ಹಾಗೆ ಕೇಳಿಸಿತು, ನಾನು ಅದನ್ನೇ ನಿಮಗೆ ತಿರುಗಿಸಿ ಹೇಳಿದೆ. ಅವರು ಮಾರ್ಬಲ್ ಅಂತ ಯಾವತ್ತೂ ಹೇಳೇ ಇಲ್ಲ.

ಜೀನ್ ಅಪ್ಪನ ಕಡೆ ತಿರುಗಿದರು. "ನೀವು… ಗೋಲ್‌ಕೀಪರ್?"

"ಸ್ವಲ್ಪ ದಿನ. ಹೇಳಿಕೊಳ್ಳುವಂಥದ್ದೇನಿಲ್ಲ" ಅಂದರು ವಿಲ್ಫ್, ಟೈ ಸರಿ ಮಾಡಿಕೊಳ್ಳುತ್ತಾ.

"ಹೇಳಲೇ ಇಲ್ಲವಲ್ಲ!"

"ಹೇಳಿಕೊಳ್ಳುವಂಥದ್ದಾಗಿದ್ದರೆ ಹೇಳ್ತಿದ್ದೆ."

ಜೀನ್ ನಮ್ಮನ್ನು ನೋಡಿದ ನೋಟದಲ್ಲಿ ಇನ್ನೂ ಅನುಮಾನವಿತ್ತು. ಇರದೇ ಏನು? ಗೋಲಿಯ ಭ್ರಮೆ ಹೋಗಿ ಫುಟ್‌ಬಾಲಿನ ಭ್ರಮೆ ಬಂದಿರಬಾರದೇಕೆ? ಅರವತ್ತು ವರ್ಷ ಕೇಳದ ಸಂಗತಿಯನ್ನು ನೆರೆಮನೆಯವರು ಬಂದು ಪಾರ್ಕಿಂಗ್ ಜಾಗದಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅಮ್ಮ ನನ್ನ ಕಡೆ ನೋಡಿದರು.

ಆಮೇಲೆ ಜೀನ್ ಅವರ ಕೈ ತಾನಾಗಿ ಬಾಯಿಗೆ ಹೋಯಿತು. "ನಮ್ಮಮ್ಮ ನಿಮ್ಮನ್ನ ಕೀಪರ್ ಅಂತಿದ್ದಳು" ಅಂದರು.

"ಹೌದು, ಸಾಯುವವರೆಗೂ. ಊರಲ್ಲಿ ನನ್ನ ಆಟ ನೋಡಿದ್ದವರಲ್ಲಿ ಅವಳೊಬ್ಬಳೇ ಉಳಿದಿದ್ದು."

"ನಾನು… ನೀವು ಒಳ್ಳೇ ಗಂಡ ಅಂತ ಹಾಗೆ ಕರೀತಾಳೆ ಅಂದ್ಕೊಂಡಿದ್ದೆ!"

ಅಮೆರಿಕನ್ನರ ಮಾತಿನಲ್ಲಿ ಬಿಟ್ಟುಕೊಡಬಾರದಂಥ ಒಳ್ಳೆಯ ಸಂಗಾತಿಗೂ ಕೀಪರ್ ಅನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಮಗಳ ಕಿವಿಗೆ ಬಿದ್ದದ್ದು ಆ ಅರ್ಥ. ಅಡುಗೆಮನೆಯಲ್ಲಿ ದಿನಾ, ಕೀಪರ್, ಊಟಕ್ಕೆ ಬಾ. ಕೀಪರ್, ಬಲ್ಬು ಬದಲಿಸು. ಇಷ್ಟು ವರ್ಷ ಮಗಳ ಕಿವಿಯ ಮೇಲೇ ಬೀಳುತ್ತಿತ್ತು.

"ಅದೂ ಇರಬಹುದು. ಅವಳು ಬಿಡಿಸಿ ಹೇಳಲಿಲ್ಲ" ಅಂದರು ವಿಲ್ಫ್.

ಜೀನ್ ನಕ್ಕರು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಿಂತು, ಅಪ್ಪನ ಭುಜಕ್ಕೆ ಹಣೆಯಿಟ್ಟು, ನಗುತ್ತಲೇ ಇದ್ದರು. ಅಮ್ಮನಿಗೆ ಮಾತು ಪೂರ್ತಿ ತಿಳಿಯದಿದ್ದರೂ ಕೆಲಸವಾಯಿತೆಂದು ತಿಳಿಯಿತು. ಆಗ ಬಾಯಿಪಾಠ ನೆನಪಿಗೆ ಬಂತು. "ಮೈ ಇಯರ್ ಬ್ಯಾಡ್" ಎಂದು ಜೀನ್ ಕೈ ಹಿಡಿದುಕೊಂಡರು.

ಅಪ್ಪ ಮಗಳು ಒಳಗೆ ಹೋದರು. ನಾವು ಹೊರಗೆ ಮರದ ನೆರಳಲ್ಲಿ ಕಾದೆವು. ತುಂಬಾ ಹೊತ್ತಾಯಿತು. ಅಮ್ಮ ಬೆರಳುಗಳನ್ನು ಹೆಣೆಯುವುದು ಬಿಡಿಸುವುದು ಮಾಡುತ್ತಿದ್ದರು. ಅಪ್ಪ ಮಗಳು ಹೊರಬಂದಾಗ ಜೀನ್ ಮುಖ ನೋಡಿಯೇ ನನಗೆ ಸಮಾಧಾನವಾಯಿತು. ಡಾಕ್ಟರು ಗಂಟೆಗಟ್ಟಲೆ ಪ್ರಶ್ನೆ ಕೇಳಿ, ಚಿತ್ರ ಬರೆಸಿ, ನಡೆಸಿ ನೋಡಿದರಂತೆ. ವಯಸ್ಸಿನ ಮರೆವು ಇದೆ, ಬುದ್ಧಿ ಸ್ವಚ್ಛವಾಗಿದೆ. ಮಂಜಿನಲ್ಲಿ ದಾರಿ ತಪ್ಪಿದ್ದಕ್ಕೆ ಕಣ್ಣಿನ ಪೊರೆ ಕಾರಣ ಇರಬಹುದು, ಅದನ್ನು ತೋರಿಸಿ. ಹೊರಗೆ ಒಬ್ಬರೇ ಓಡಾಡುವುದು ಬೇಡ, ಮನೆಗೆ ದಿನಾ ಯಾರಾದರೂ ಬಂದು ಹೋಗಲಿ. ಮನೆ ಬಿಡಿಸುವ ಕಾರಣ ನನಗೆ ಕಾಣುತ್ತಿಲ್ಲ. ಇಷ್ಟು ಹೇಳಿ, ಗೋಲಿಯ ಕಥೆ ಕೇಳಿ ಡಾಕ್ಟರೂ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕರಂತೆ. ಜೀನ್ ಅಲ್ಲೇ ನಿಂತು ವಸತಿಯವರಿಗೆ ಫೋನ್ ಮಾಡಿ ಕೋಣೆ ಬೇಡ ಅಂದರು.

ಮರದ ಕೆಳಗಿನ ಬೆಂಚಿನಲ್ಲಿ ಚಿತ್ರಾನ್ನದ ಡಬ್ಬಿ ತೆರೆಯಿತು. ವಿಲ್ಫ್ ಒಣಮೆಣಸಿನಕಾಯಿಯನ್ನೂ ಬಿಡದೆ ತಿಂದು, ಕಣ್ಣಲ್ಲಿ ನೀರು ಹಾಕಿಕೊಂಡು, ಮತ್ತೆ ಕೇಳಿದರು. ಅಲ್ಲೇ ಅವರ ಆಟದ ಕಥೆ ಸರಿಯಾಗಿ ಹೊರಗೆ ಬಂದದ್ದು. ಅವರು ಹೇಳುವುದು, ಮೇಘನಾ ಅಮ್ಮನಿಗೆ ತಡವರಿಸುತ್ತಾ ಕನ್ನಡದಲ್ಲಿ ಹೇಳುವುದು. ಅಷ್ಟು ಕನ್ನಡ ಅವಳ ಬಾಯಲ್ಲಿ ನಾನು ಅವತ್ತೇ ಮೊದಲು ಕೇಳಿದ್ದು. ಜೀನ್ ತಟ್ಟೆ ಹಿಡಿದು ತಿನ್ನುವುದನ್ನೇ ಮರೆತು ಕೂತಿದ್ದರು.

ಗಿರಣಿಯಲ್ಲಿ ಎತ್ತುವ ಇಳಿಸುವ ಕೆಲಸದ ಹುಡುಗ. ಎತ್ತರವಿದ್ದ, ಕೈ ಉದ್ದವಿತ್ತು. ಗಿರಣಿಯ ತಂಡದಲ್ಲಿ ಗೋಲು ಕಾಯುತ್ತಿದ್ದ. ಊರಿನ ದೊಡ್ಡ ತಂಡದ ಆಟಗಾರರೆಲ್ಲ ಸೈನ್ಯದಲ್ಲಿ. ಶನಿವಾರ ಆಟದ ಹೊತ್ತಿಗೆ ಯಾರು ರಜೆಯ ಮೇಲೆ ಬಂದಿದ್ದಾರೆ, ಯಾವ ಸೈನಿಕ ಹತ್ತಿರದ ಶಿಬಿರದಲ್ಲಿದ್ದಾನೆ ಎಂದು ಹುಡುಕಿ ಹನ್ನೊಂದು ಜನ ಮಾಡುತ್ತಿದ್ದರು. ಒಂದು ಶನಿವಾರ ಕೀಪರ್ ಬರುವ ರೈಲು ಬರಲಿಲ್ಲ. ಗಿರಣಿಯಿಂದ ಈ ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಯಾರದೋ ಬೂಟು, ಎರಡು ಕಾಲ್ಚೀಲ ತುರುಕಿದ್ದು. ಯಾರದೋ ಉಣ್ಣೆಯ ಅಂಗಿ, ಮಳೆ ಬಿದ್ದರೆ ಮೊಣಕಾಲಿಗೆ ಇಳಿಯುತ್ತಿತ್ತು. ಚರ್ಮದ ಚೆಂಡು ಕೆಸರು ಕುಡಿದು ಕಲ್ಲಾಗುತ್ತಿತ್ತು. ಅವತ್ತು ಒಂದೂ ಗೋಲು ಬಿಡಲಿಲ್ಲ. ಮಾರನೆ ವಾರವೂ ಕರೆದರು, ಅದರ ಮಾರನೆ ವಾರವೂ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಹೆಂಗಸರು ಇವರ ತಾಯಿಗೆ ಮುಂದೆ ಹೋಗಲು ಜಾಗ ಬಿಡುತ್ತಿದ್ದರಂತೆ.

"ಆಮೇಲೆ?" ಅಂದರು ಅಮ್ಮ.

ಆಮೇಲೆ ಆ ಕೊನೆಯ ಆಟ. ಶುರುವಾದ ಸ್ವಲ್ಪ ಹೊತ್ತಿಗೇ ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಹಾರಿದರು, ಬೆರಳ ಮೇಲೆ ಬೂಟು ಬಿತ್ತು. ಆಗ ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯೇ ಇರಲಿಲ್ಲ. ಎರಡು ಬೆರಳನ್ನು ಬೂಟಿನ ದಾರದಲ್ಲಿ ಬಿಗಿದು ನಿಂತರು. ಎದುರಾಳಿಗಳಿಗೆ ಗೊತ್ತಾಯಿತು, ಎಲ್ಲ ಚೆಂಡೂ ಆ ಕೈಯ ಕಡೆಗೇ. ಗೋಲಿನ ಮೇಲೆ ಗೋಲು.

"ಅಯ್ಯೋ! ಎಷ್ಟು ಬಿಟ್ರಿ?"

ಮೇಘನಾ ಕೇಳಿದಳು. "ಸ್ಕೋರ್ ಬೋರ್ಡಿನವನಿಗೆ ಅಂಕಿ ಹುಡುಕೋದು ಕಷ್ಟವಾಯ್ತು" ಅಂದರು ವಿಲ್ಫ್. ಬೆರಳು ಕೂಡುವ ಮೊದಲೇ ಚೀಟಿ ಎತ್ತಿ ಹುಡುಗರನ್ನು ಕಲ್ಲಿದ್ದಲ ಗಣಿಗೆ ಕಳಿಸುವ ಕಾಯಿದೆ ಬಂತು, ಇವರ ಚೀಟಿ ಬಿತ್ತು. ಗಣಿಯಿಂದ ಬಿಡುಗಡೆಯಾಗುವಷ್ಟರಲ್ಲಿ ಯುದ್ಧ ಮುಗಿದು ದೊಡ್ಡವರೆಲ್ಲ ಮೈದಾನಕ್ಕೆ ಮರಳಿದ್ದರು. ಅಷ್ಟೇ ಆಟ. ಮಗಳಿಗೆ ಹೇಳಲು ನಾಚಿಕೆ. ಹೇಳಲು ಕೂತರೆ ಕೊನೆಯದನ್ನೂ ಹೇಳಬೇಕಲ್ಲ.

"ಹಾಗಾದರೆ ಮಿಸೆಸ್ ಅಮ್ಮನಿಗೆ ಯಾಕೆ ಹೇಳಿದಿರಿ?" ಜೀನ್ ಕೇಳಿದರು.

"ಅವರಿಗೆ ಒಂದಕ್ಷರವೂ ಅರ್ಥವಾಗಲ್ಲ ಅಂದ್ಕೊಂಡಿದ್ದೆ."

ಮೇಘನಾ ಇದನ್ನೂ ಕನ್ನಡ ಮಾಡಿದಾಗ ಅಮ್ಮ ಅವರ ಕೈಯನ್ನು ಹಿಡಿದು, ಸೊಟ್ಟ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೇರೆ ಯಾರೂ ಇರ್ಲಿಲ್ವಾ ನಿಲ್ಲೋಕೆ?"

ಇರಲಿಲ್ಲ ಅಂದರು.

"ಮತ್ತೆ? ಯಾರಾದ್ರೂ ನಿಲ್ಲಲೇಬೇಕಿತ್ತಲ್ಲ" ಅಂದು ಅಮ್ಮ ಇನ್ನೊಂದು ಸೌಟು ಚಿತ್ರಾನ್ನ ಹಾಕಿದರು.

ವಿಲ್ಫ್ ಅಂದು ನಮ್ಮ ಕಾರಿನಲ್ಲೇ ಮೀರಾ ಮೆಸಾಗೆ ಮರಳಿದರು. ಟೈ ಬಿಚ್ಚಿ ಮಡಚಿ ಜೇಬಿನಲ್ಲಿಟ್ಟು, ಸಮುದ್ರ ಕಾಣುವ ಮೊದಲೇ ನಿದ್ದೆ ಹೋದರು. ಸ್ಯಾನ್ ಡಿಯೇಗೋ ಹತ್ತಿರ ಬಂದಾಗ ಮೋಡ ಕರಗಿ ನೀಲಿ ಆಕಾಶ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿಯೂ ಮೊಮ್ಮಗಳೂ ಒಬ್ಬರಿಗೊಬ್ಬರು ಒರಗಿ ಮಲಗಿದ್ದರು. ಕಾರಿನಲ್ಲಿ ಎಚ್ಚರವಿದ್ದವನು ನಾನೊಬ್ಬನೇ. ಅಷ್ಟು ಹಗುರವಾಗಿ ಆ ರಸ್ತೆಯಲ್ಲಿ ನಾನು ಮತ್ತೆ ಡ್ರೈವ್ ಮಾಡಿಲ್ಲ.

ಸೆಪ್ಟೆಂಬರಿನಲ್ಲಿ ಅಮ್ಮ ಬೆಂಗಳೂರಿಗೆ ಹೊರಟರು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ವಿಲ್ಫ್ ಏರ್‌ಪೋರ್ಟಿನವರೆಗೂ ಬಂದು, ಅವರನ್ನು ಮೊದಲ ಸಲ ಸರಿಯಾಗಿ ನೋಡುತ್ತಿದ್ದೇನೆ ಅಂದರು. ಮರುವರ್ಷ ಮಾರ್ಚಿನಲ್ಲಿ ಜೀನ್ ತಮ್ಮ ಪೋರ್ಟರ್ ರ್ಯಾಂಚಿನ ಮನೆ ಮಾರಿದರು. ಒಂದು ಭಾನುವಾರ ದೊಡ್ಡ ಟ್ರಕ್ಕಿನಲ್ಲಿ ಸಾಮಾನೆಲ್ಲ ತುಂಬಿಸಿಕೊಂಡು ಅಪ್ಪನ ಮನೆಯಲ್ಲಿ ಇರಲು ಬಂದರು. ನಾನು, ಸುಮಾ, ಮೇಘನಾ ಹೋಗಿ ಪೆಟ್ಟಿಗೆಗಳನ್ನು ಇಳಿಸಿದೆವು. ವಿಲ್ಫ್ ಬಾಗಿಲಿನ ನಡುವೆ ನಿಂತು, ಯಾವುದು ಯಾವ ಕೋಣೆಗೆ ಹೋಗಬೇಕೆಂದು ಕೂಗಿ ಹೇಳುತ್ತಿದ್ದರು.